ಭಾರವೆತ್ತುವವನ ಎದೆ

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ನನು 1768ರಲ್ಲಿ ಆ ನಗರದ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಭೆಯಲ್ಲಿ ಓದಿ, 1772ರಲ್ಲಿ ಅಚ್ಚಿಗಿತ್ತ ಪುಟ್ಟ ಪ್ರಬಂಧವೊಂದರಲ್ಲಿ, ಏರುದಾರಿಯಲ್ಲಿ ನಡೆಯುವಾಗ, ಅದರಲ್ಲಿಯೂ ಊಟವಾದೊಡನೆ ನಡೆಯುವಾಗ, ಪ್ರಾಣವೇ ಹೋದೀತೆಂಬಂತೆ ಎದೆಯನ್ನು ಹಿಂಡಿ, ನಿಂತೊಡನೆ ಮಾಯವಾಗುವ ನೋವೊಂದನ್ನು ವರ್ಣಿಸಿ, ಅದಕ್ಕೆ ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟನು. ಆ ನೋವಿನ ಮೂಲ ಹೃದಯದ ರಕ್ತನಾಳಗಳಲ್ಲಿದೆಯೆಂಬುದು ಆತನಿಗೆ ಗೊತ್ತಿರಲಿಲ್ಲ. ಏನು ಮಾಡಿದರೆ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನಷ್ಟೇ ರೋಗಿಗಳಿಗೆ ಹಾಕಿ, ಅವರ ಬಾಯಿಂದ ಬಂದುದನ್ನು ಶ್ರದ್ಧೆಯಿಂದ ಬರೆದಿಟ್ಟನು. ಆತನು ತೀರಿಕೊಂಡ ಮೇಲೆ 1802ರಲ್ಲಿ ಹೊರಬಂದ ಗ್ರಂಥದಲ್ಲಿ ಇನ್ನೂ ಒಂದು ಸಂಗತಿಯುಂಟು. ಈ ವ್ಯಾಧಿಯಿದ್ದ ಒಬ್ಬನು ದಿನವೂ ಅರ್ಧ ಗಂಟೆ ಗರಗಸ ಹಿಡಿದು ಮರ ಕೊಯ್ಯುವ ನೇಮವನ್ನಿಟ್ಟುಕೊಂಡು ಬಹುಮಟ್ಟಿಗೆ ಗುಣವಾದನಂತೆ. ಶ್ರಮದಿಂದ ಬರುವ ನೋವು ಶ್ರಮದಿಂದಲೇ ಹೋದ ಈ ಪ್ರಸಂಗವನ್ನು ಹೆಬರ್ಡನ್ನನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗಿದನು; ಆ ಮಾತಿನ ಮರ್ಮವನ್ನು ಬಿಡಿಸಲು ವೈದ್ಯಶಾಸ್ತ್ರಕ್ಕೆ ಇನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದವರಲ್ಲ. ಸುಶ್ರುತಸಂಹಿತೆಯು ವ್ಯಾಯಾಮವನ್ನು ಹೊಗಳಿದ ಬೆನ್ನಿಗೇ ಅದಕ್ಕೊಂದು ಮೇರೆಯನ್ನೂ ಹಾಕುತ್ತದೆ: ತನ್ನ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಮಾಡಬೇಕು, ಹೃದಯದಲ್ಲಿ ನೆಲೆಸಿರುವ ವಾಯು ಬಾಯಿಗೆ ಬಂದಿತೆಂದರೆ ಆ ಅರ್ಧ ಮುಗಿಯಿತೆಂದು ತಿಳಿಯಬೇಕು. ಮಿತಿಯನ್ನು ಕಲ್ಲಿನ ತೂಕದಿಂದ ಅಳೆಯದೆ ಉಸಿರಿನಿಂದ ಅಳೆದ ಈ ವಿವೇಕವು ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಶಾಸ್ತ್ರದ ಹೆಸರಿಲ್ಲದೆಯೇ ಉಳಿದುಬಂದಿತು. ಬಾಲ್ಯದಲ್ಲಿ ನಾನು ಕಂಡ ಗರಡಿಯೊಂದರಲ್ಲಿ, ಕೆಮ್ಮಣ್ಣಿನ ಮಟ್ಟಿಯ ಅಂಚಿನಲ್ಲಿ ಹುಡುಗನೊಬ್ಬನು ಗುಂಡುಕಲ್ಲನ್ನು ಎದೆಮಟ್ಟಕ್ಕೆ ತಂದು, ಮುಖ ಕೆಂಪೇರಿ, ಕೊರಳಿನ ನರಗಳು ಹಗ್ಗದಂತೆ ಉಬ್ಬಿ ನಿಂತಿದ್ದಾಗ, ಮೂಲೆಯಲ್ಲಿ ಕುಳಿತಿದ್ದ ಉಸ್ತಾದರು ತಲೆಯೆತ್ತದೆಯೇ “ಲೋ, ದಮ್ಮು ಕಟ್ಬೇಡ್ವೋ, ಬಿಡು” ಎಂದು ಗದರಿದುದು ಈಗಲೂ ಕಿವಿಯಲ್ಲಿದೆ. ಆ ಗದರಿಕೆಯ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ, ಕೆನಡಾ ದೇಶದ ಪ್ರಯೋಗವೊಂದರ ವರದಿಯನ್ನು ಓದಿದಾಗ. ಅದನ್ನು ಮುಂದೆ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಐರೋಪ್ಯ ವೈದ್ಯರನ್ನು ಕಾಡುತ್ತಿದ್ದುದು ನೋವಿಗಿಂತ ಹೆಚ್ಚಾಗಿ ಹೃದಯದ ಗಾತ್ರ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ನಡುವೆ ನಡೆಯುವ ದೋಣಿಪಂದ್ಯದಲ್ಲಿ ಹುಟ್ಟು ಹಾಕಿದ ತರುಣರು ಹೃದಯ ಒಡೆದು ಅಲ್ಪಾಯುಗಳಾಗುತ್ತಾರೆಂಬ ಭೀತಿ ಹಬ್ಬಿದ್ದಾಗ, ಜಾನ್ ಮಾರ್ಗನ್ ಎಂಬ ವೈದ್ಯನು 1829ರಿಂದ 1869ರವರೆಗಿನ ಸ್ಪರ್ಧಿಗಳನ್ನು ಹುಡುಕಿ, ಕಾಗದ ಬರೆದು, ಬದುಕಿದ್ದವರು ಯಾರು, ಸತ್ತವರು ಯಾರು, ಯಾವುದರಿಂದ ಎಂಬುದನ್ನೆಲ್ಲ ಸಂಗ್ರಹಿಸಿ, 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಭೀತಿ ನಿರಾಧಾರವೆಂದು ತೋರಿಸಿದನು. 1899ರಲ್ಲಿ ಸ್ವೀಡನ್ನಿನ ಹೆನ್ಶೆನ್ನನು ಹಿಮದ ಮೇಲೆ ಜಾರಿ ಓಡುವ ಸ್ಪರ್ಧಿಗಳ ಎದೆಯನ್ನು ಕೇವಲ ಬೆರಳುಗಳಿಂದ ತಟ್ಟಿ, ಮಾರ್ದನಿಯ ವ್ಯತ್ಯಾಸವನ್ನು ಆಲಿಸಿ, ಗೆದ್ದವರ ಹೃದಯ ದೊಡ್ಡದಾಗಿದೆಯೆಂದು ಕಂಡುಕೊಂಡನು. ಈ ಹಿಗ್ಗುವಿಕೆ ವ್ಯಾಧಿಯಲ್ಲ, ಕಾರ್ಯಸಾಮರ್ಥ್ಯದ ಲಕ್ಷಣವೆಂಬುದು ಆತನ ನಿರ್ಣಯವಾಗಿತ್ತು. ಬೆರಳ ತುದಿಗಳಿಂದ ಇಷ್ಟನ್ನು ಅರಿತವನ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ‘ಕ್ರೀಡಾಪಟುವಿನ ಹೃದಯ’ ಎಂಬ ಆತನ ನುಡಿ ಮುಂದಿನ ಅರ್ಧ ಶತಮಾನದುದ್ದಕ್ಕೂ ರೋಗದ ಹೆಸರಿನಂತೆಯೇ ಬಳಕೆಯಾಯಿತು.

ಅದು ವಿಶ್ರಾಂತಿಯೇ ಪರಮೌಷಧವೆಂದು ನಂಬಿದ್ದ ಯುಗ. ಹೃದಯಾಘಾತವಾದವರನ್ನು ಆರು ವಾರಗಳ ಕಾಲ ಹಾಸಿಗೆಯಿಂದ ಏಳಗೊಡದೆ ಇಡುತ್ತಿದ್ದರು. 1952ರಲ್ಲಿ ಲೆವಿನ್ ಮತ್ತು ಲೌನ್ ಎಂಬ ಬಾಸ್ಟನ್ನಿನ ವೈದ್ಯರು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಬಹುದೆಂದು ಹೇಳಿದುದೇ ದೊಡ್ಡ ಸಾಹಸವೆನಿಸಿತು. ಮರುವರ್ಷ ಜೆರ‍್ರಿ ಮಾರಿಸ್ ಮತ್ತವರ ಸಂಗಡಿಗರು, ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂಬುದನ್ನು ತೋರಿಸಿಕೊಟ್ಟರು. ಮರ ಕೊಯ್ದವನ ಕಥೆಗೆ ಮೊದಲ ಸಾಕ್ಷ್ಯ ದೊರೆತುದು ಹೀಗೆ. ಆದರೆ ಹತ್ತುವುದೂ ಓಡುವುದೂ ಬೇರೆ; ಉಸಿರು ಬಿಗಿಹಿಡಿದು ನೂರು ಕಿಲೋ ಎತ್ತುವುದು ಬೇರೆ. ಭಾರಸಾಧನೆಯ ಮೇಲಿನ ಸಂಶಯ ಮಾತ್ರ ಇನ್ನೂ ಮೂವತ್ತು ವರ್ಷಗಳ ಕಾಲ ಹಾಗೆಯೇ ಉಳಿಯಿತು.

ಶಬ್ದತರಂಗಗಳಿಂದ ಹೃದಯದ ಭಿತ್ತಿಯನ್ನು ಕಾಣುವ ಎಕೋ ಯಂತ್ರ ಬಂದ ಮೇಲೆ, 1975ರಲ್ಲಿ ಅಮೆರಿಕದ ಮೊರ್ಗನ್‌ರಾತ್ ಮತ್ತು ಸಂಗಡಿಗರು, ಓಟಗಾರರ ಮತ್ತು ಈಜುಗಾರರ ಹೃದಯದ ಕೋಣೆ ವಿಶಾಲವಾಗಿರುವುದನ್ನೂ, ಕುಸ್ತಿಪಟುಗಳ ಮತ್ತು ಗುಂಡೆಸೆತಗಾರರ ಹೃದಯದ ಗೋಡೆ ದಪ್ಪವಾಗಿರುವುದನ್ನೂ ವರದಿಮಾಡಿದರು. ಮುಂದಿನ ಅಧ್ಯಯನಗಳು ಈ ಭೇದವನ್ನು ಪೂರ್ತಿ ಎತ್ತಿಹಿಡಿಯಲಿಲ್ಲ. ಭಾರ ಎತ್ತುವ ಎಷ್ಟೋ ಜನರ ಗೋಡೆ ಸಾಮಾನ್ಯ ಅಳತೆಯಲ್ಲಿಯೇ ಇದ್ದಿತು. ಅಭ್ಯಾಸದಿಂದ ದಪ್ಪವಾದ ಗೋಡೆ ಯಾವುದು, ಹುಟ್ಟಿನಿಂದ ಬಂದ ರೋಗದಿಂದ ದಪ್ಪವಾದ ಗೋಡೆ ಯಾವುದು ಎಂಬ ತೊಡಕು ಮಾತ್ರ ಆಗಲೇ ತಲೆಯೆತ್ತಿತು. ಹೃದಯದ ಸ್ನಾಯು ವಿಕಾರವಾಗಿ ದಪ್ಪಗಾಗುವ ಈ ಆನುವಂಶಿಕ ರೋಗವನ್ನು ಲಂಡನ್ನಿನ ಟಿಯರ್ 1958ರಲ್ಲಿ ವಿವರಿಸಿದ್ದರು. ತರುಣ ಕ್ರೀಡಾಪಟುಗಳ ಆಕಸ್ಮಿಕ ಮರಣಕ್ಕೆ ಇದೊಂದು ಮುಖ್ಯ ಕಾರಣವೆಂಬುದನ್ನು 1980ರಲ್ಲಿ ಅಮೆರಿಕದ ಮ್ಯಾರನ್ ಮತ್ತು ಸಂಗಡಿಗರು ತೋರಿಸಿದರು. ಇಟಲಿಯು 1982ರಿಂದ ಸ್ಪರ್ಧೆಗೆ ಇಳಿಯುವ ಪ್ರತಿಯೊಬ್ಬರಿಗೂ ಇಸಿಜಿ ಸಹಿತ ತಪಾಸಣೆಯನ್ನು ಕಡ್ಡಾಯಮಾಡಿತು. ವೆನೆತೊ ಪ್ರಾಂತದಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಷ್ಟಿದ್ದ ಇಂಥ ಸಾವುಗಳು ಇಪ್ಪತ್ತೈದು ವರ್ಷಗಳಲ್ಲಿ 0.4ಕ್ಕೆ ಇಳಿದವೆಂದು 2006ರಲ್ಲಿ ವರದಿಯಾಯಿತು. ಎಲ್ಲ ದೇಶಗಳೂ ಈ ಮಾರ್ಗವನ್ನು ಒಪ್ಪಿಲ್ಲ. ಆದರೆ ಮನೆಯಲ್ಲಿ ಚಿಕ್ಕ ವಯಸ್ಸಿನವರು ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ, ವ್ಯಾಯಾಮದ ನಡುವೆ ಎಂದಾದರೂ ಎಚ್ಚರ ತಪ್ಪಿತ್ತೇ ಎಂಬ ಎರಡು ಪ್ರಶ್ನೆಗಳಿಗೆ ಯಂತ್ರವೂ ಬೇಕಿಲ್ಲ, ಹಣವೂ ಬೇಕಿಲ್ಲ.

ಇನ್ನು ಕೆನಡಾದ ಪ್ರಯೋಗ. ಹ್ಯಾಮಿಲ್ಟನ್ನಿನ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು, ಅನುಭವಿಗಳಾದ ಐವರು ದೇಹದಾರ್ಢ್ಯಪಟುಗಳ ತೋಳಿನ ಅಪಧಮನಿಗೇ ನಳಿಕೆಯನ್ನು ಸೇರಿಸಿ, ಅವರು ಭಾರವನ್ನು ತಳ್ಳುತ್ತಿರುವಾಗ ರಕ್ತದೊತ್ತಡ ಕ್ಷಣಕ್ಷಣವೂ ಹೇಗೆ ಏರಿಳಿಯುತ್ತದೆಂಬುದನ್ನು ಅಳೆದು, 1985ರಲ್ಲಿ ಪ್ರಕಟಿಸಿದರು. ಸುಮ್ಮನೆ ಕುಳಿತ ಆರೋಗ್ಯವಂತನಲ್ಲಿ 120/80ರ ಆಸುಪಾಸಿನಲ್ಲಿರುವ ಒತ್ತಡವು, ಎರಡೂ ಕಾಲುಗಳಿಂದ ಭಾರವನ್ನು ನೂಕುವ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250ಕ್ಕೆ ಏರಿತು. ಒಬ್ಬನಲ್ಲಿಯಂತೂ 480/350ನ್ನು ಮೀರಿತು. ಭಾರವನ್ನು ಇಳಿಸಿದೊಡನೆ ಒತ್ತಡ ಕುಸಿದು, ಸಹಜ ಮಟ್ಟಕ್ಕಿಂತಲೂ ಕೆಳಗೆ ಹೋಗಿ, ಮತ್ತೆ ಮೇಲಕ್ಕೆ ಬಂದಿತು. ಎದ್ದು ನಿಂತವನ ತಲೆ ತಿರುಗುವುದೂ ಕಣ್ಣು ಮಂಜಾಗುವುದೂ ಆ ಕುಸಿತದ ಕ್ಷಣದಲ್ಲಿಯೇ. ಈ ಏರಿಕೆಯ ಕಾರಣ ಎರಡು: ಬಿಗಿದ ಸ್ನಾಯುಗಳು ತಮ್ಮೊಳಗಿನ ರಕ್ತನಾಳಗಳನ್ನು ಅದುಮಿಬಿಡುವುದು ಒಂದು, ಗಂಟಲನ್ನು ಮುಚ್ಚಿ ಉಸಿರನ್ನು ಎದೆಯಲ್ಲಿಯೇ ತಡೆಹಿಡಿಯುವುದು ಇನ್ನೊಂದು. ಈ ಎರಡನೆಯದಕ್ಕೆ ವೈದ್ಯರು ಬೊಲೋನ್ಯದ ಅಂಗರಚನಾಶಾಸ್ತ್ರಜ್ಞ ವಲ್ಸಾಲ್ವನ ಹೆಸರನ್ನು ಕೊಟ್ಟಿದ್ದಾರೆ. ನಮ್ಮ ಉಸ್ತಾದರು ಅದನ್ನು ದಮ್ಮು ಕಟ್ಟುವುದೆಂದಿದ್ದರು.

ಹತ್ತು ವರ್ಷಗಳ ಮೇಲೆ, 1995ರಲ್ಲಿ, ಇನ್ನಿಬ್ಬರು ಸಂಶೋಧಕರು ಹತ್ತು ಜನ ಪಟುಗಳಿಗೆ ಅದೇ ಭಾರವನ್ನು ಎರಡು ಬಗೆಯಲ್ಲಿ ತಳ್ಳಿಸಿದರು. ಉಸಿರು ಕಟ್ಟಿದಾಗ ಒತ್ತಡ ಸರಾಸರಿ 311/284. ಮೆಲ್ಲನೆ ಉಸಿರು ಬಿಡುತ್ತ ತಳ್ಳಿದಾಗ 198/175. ಒಂದು ಉಸಿರಿನ ಅಂತರ ನೂರಕ್ಕೂ ಮಿಗಿಲು! ಈ ಅಂಕಿಗಳನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು: ಕ್ಷಣಮಾತ್ರ ಕಟ್ಟಿದ ಉಸಿರು ಎದೆಗೂಡಿನೊಳಗಿನ ಒತ್ತಡವನ್ನೂ ಏರಿಸಿ, ಹೃದಯದ ಗೋಡೆಗೆ ಹೊರಗಿನಿಂದ ಆಸರೆಯಂತೆ ನಿಲ್ಲುತ್ತದೆ, ಬೆನ್ನುಮೂಳೆಯನ್ನೂ ಕಾಯುತ್ತದೆ, ಭಾರ ಎತ್ತುವವರ ಹೃದಯಭಿತ್ತಿ ನಿರೀಕ್ಷಿಸಿದಷ್ಟು ದಪ್ಪಗಾಗದಿರುವುದಕ್ಕೆ ಇದೇ ಕಾರಣವೆಂದು ಕೆಲವರು ವಾದಿಸುತ್ತಾರೆ. ಆರೋಗ್ಯವಂತನಾದ ಪಳಗಿದ ಪಟುವಿಗೆ ಈ ವಾದ ಒಪ್ಪೀತು. ಆದರೆ ಮಹಾಪಧಮನಿಯು ತನಗರಿವಿಲ್ಲದೆಯೇ ಹಿಗ್ಗಿ ತೆಳುವಾಗಿರುವವನ ಗತಿಯೇನು? ಯೇಲ್ ವಿಶ್ವವಿದ್ಯಾಲಯದ ಎಲೆಫ್ಟೀರಿಯಾಡಿಸ್ ಮತ್ತು ಸಂಗಡಿಗರು 2003ರಲ್ಲಿ, ಭಾರವೆತ್ತುವ ಗಳಿಗೆಯಲ್ಲಿಯೇ ಆ ನಾಳ ಸೀಳಿಹೋದ ಐವರ ವೃತ್ತಾಂತವನ್ನು ಪ್ರಕಟಿಸಿದರು. ಬಟ್ಟೆ ಹರಿದಂತೆ ಒಮ್ಮೆಲೇ ಎದ್ದು ಬೆನ್ನಿಗೆ ಹಾಯುವ ಆ ನೋವು ಅಪರೂಪದ್ದು. ಬಂದಾಗ ನಿಮಿಷಗಳನ್ನು ಎಣಿಸಬೇಕಾದಂಥದು.

ಶ್ರಮವೇ ಆಘಾತವನ್ನು ತರುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಸಮರ್ಪಕವಾದ ಉತ್ತರ ಬಂದುದು 1993ರಲ್ಲಿ. ಅಮೆರಿಕದ ಮಿಟಲ್‌ಮನ್ ಮತ್ತು ಸಂಗಡಿಗರು ಹೃದಯಾಘಾತವಾದ 1,228 ಮಂದಿಯನ್ನು ವಿಚಾರಿಸಿ ನೋಡಿದಾಗ, ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ ಸರಾಸರಿ ಆರರಷ್ಟು ಹೆಚ್ಚಿರುವುದು ಕಂಡುಬಂದಿತು. ಈ ಸರಾಸರಿಯನ್ನು ಒಡೆದು ನೋಡಿದಾಗ ಗೋಚರಿಸಿದುದೇ ಮುಖ್ಯವಾದುದು: ವಾರಕ್ಕೆ ಐದು ಬಾರಿಯಾದರೂ ವ್ಯಾಯಾಮ ಮಾಡುವವರಲ್ಲಿ ಆ ಏರಿಕೆ 2.4ರಷ್ಟು; ದೇಹವನ್ನು ದಂಡಿಸಿಯೇ ಅರಿಯದವರಲ್ಲಿ 107ರಷ್ಟು. ಹತ್ತು ವರ್ಷ ಕುರ್ಚಿ ಬಿಡದಿದ್ದವನು ಸ್ನೇಹಿತನ ಪಂಥಕ್ಕೆ ಬಿದ್ದು ಮೊದಲ ದಿನವೇ ಗರಿಷ್ಠ ತೂಕಕ್ಕೆ ಕೈ ಹಾಕುವುದಕ್ಕೂ, ತಿಂಗಳುಗಟ್ಟಲೆ ಹಂತಹಂತವಾಗಿ ಅಲ್ಲಿಗೆ ಬಂದವನು ಅದೇ ತೂಕವನ್ನು ಎತ್ತುವುದಕ್ಕೂ ಇರುವ ದೂರ ಇದು.

ಆದರೂ ವ್ಯಾಯಾಮಶಾಲೆಯಲ್ಲಿ ಎದೆ ಹಿಡಿದುಕೊಳ್ಳುವ ತರುಣರಲ್ಲಿ ಬಹುಮಂದಿಯ ನೋವು ಹೃದಯದ್ದಲ್ಲ. ಬೆಂಚ್ ಪ್ರೆಸ್ ಮಾಡಿದ ಮರುದಿನ ಎದೆಯ ಸ್ನಾಯು ನೋಯುವುದುಂಟು. ಪಕ್ಕೆಲುಬು ಎದೆಮೂಳೆಗೆ ಕೂಡುವ ಮೃದ್ವಸ್ಥಿ ಉರಿಯುವುದುಂಟು (ಅದು ಊದಿಕೊಂಡರೆ, 1921ರಲ್ಲಿ ಅದನ್ನು ವಿವರಿಸಿದ ಜರ್ಮನ್ ಶಸ್ತ್ರವೈದ್ಯ ಟೀಟ್ಸೆಯ ಹೆಸರಿನಿಂದ ಕರೆಯುತ್ತಾರೆ). ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಉಕ್ಕುವುದುಂಟು. ಅಪೂರ್ವವಾಗಿ ಶ್ವಾಸಕೋಶದ ಹೊದಿಕೆ ಒಡೆದು ಗಾಳಿ ಸೋರುವುದೂ ಉಂಟು. ಇಂಥ ಕಡೆ ರೋಗಿಯ ಕೈಯೇ ಬಹಳಷ್ಟನ್ನು ಹೇಳುತ್ತದೆ. ಇಪ್ಪತ್ತರ ಹುಡುಗನು ಒಂದೇ ಬೆರಳನ್ನು ಎದೆಮೂಳೆಯ ಎಡಬದಿಗೆ ಊರಿ, “ಇಲ್ಲೇ ಸಾರ್, ಒತ್ತಿದರೆ ನೋವು” ಎನ್ನುತ್ತಾನೆ. ನಲವತ್ತೈದರ ಗೃಹಸ್ಥನು ಜಾಗವನ್ನು ತೋರಿಸಲಾರದೆ, ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟುಕೊಂಡು, ಯಾರೋ ಕಲ್ಲು ಹೇರಿದಂತಿದೆಯೆನ್ನುತ್ತಾನೆ. ಆ ಮುಷ್ಟಿಗೆ, ಮೇಲೆ ಹೇಳಿದ ಲೆವಿನ್ನರ ಹೆಸರೇ ಇದೆ. ಇದೂ ತಪ್ಪದ ಗುರುತೇನಲ್ಲ. ನಮ್ಮ ಕಡೆ ಆ ಮುಷ್ಟಿಗೂ “ಗ್ಯಾಸ್ಟ್ರಿಕ್ ಇರಬೇಕು” ಎಂದು ಸಮಾಧಾನ ಹೇಳಿ, ಸೋಡಾ ಕುಡಿಸಿ ಮಲಗಿಸುವವರಿದ್ದಾರೆ. ಆ ಸೋಡಾದಲ್ಲಿ ಕಳೆದುಹೋದ ಒಂದು ಗಂಟೆಯನ್ನು ಯಾವ ವೈದ್ಯನೂ ಮರಳಿ ತಂದುಕೊಡಲಾರ. ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಇಳಿಯುವ ನೋವು, ದವಡೆಗೋ ತೋಳಿಗೋ ಹಬ್ಬುವ ನೋವು, ತಣ್ಣನೆಯ ಬೆವರು, ಏದುಸಿರು, ಕಣ್ಣುಕತ್ತಲೆ: ಇವುಗಳಲ್ಲಿ ಒಂದಿದ್ದರೂ ಭಾರವನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು, ಅದೂ ತಾನೇ ಗಾಡಿ ನಡೆಸಿಕೊಂಡು ಅಲ್ಲ. ರಕ್ತಪರೀಕ್ಷೆಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆಂಬ ಭರವಸೆಯೂ ಸಲ್ಲದು; ಹೃದಯದ ಸ್ನಾಯು ನೊಂದಾಗ ರಕ್ತಕ್ಕೆ ಇಳಿಯುವ ಟ್ರೋಪೋನಿನ್, ಮ್ಯಾರಥಾನ್ ಓಡಿದ ಆರೋಗ್ಯವಂತರಲ್ಲಿಯೂ ಕೆಲಕಾಲ ಏರಿರುತ್ತದೆ. ಆಗ ವೈದ್ಯನು ಮರಳಿ ಹೆಬರ್ಡನ್ನನ ಎರಡು ಪ್ರಶ್ನೆಗಳಿಗೇ ಬರಬೇಕಾಗುತ್ತದೆ.

ಭಾರದ ತಪ್ಪಲ್ಲದ್ದನ್ನು ಭಾರದ ಮೇಲೆ ಹೊರಿಸುವುದೂ ಉಂಟು. ಸ್ನಾಯು ಬೇಗ ಬೆಳೆಯಲೆಂದು ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರನ್ನೂ ಚುಚ್ಚಿಸಿಕೊಳ್ಳದವರನ್ನೂ ಸೇರಿಸಿ 140 ಮಂದಿ ಭಾರಸಾಧಕರನ್ನು ಬಾಸ್ಟನ್ನಿನ ಬ್ಯಾಗಿಷ್ ಮತ್ತು ಸಂಗಡಿಗರು ಪರೀಕ್ಷಿಸಿ, 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರತಿ ಮಿಡಿತಕ್ಕೆ ಹೃದಯವು ತನ್ನೊಳಗೆ ತುಂಬಿದ ರಕ್ತದಲ್ಲಿ ಹೊರದೂಡುವ ಪಾಲು ಸ್ಟೀರಾಯ್ಡ್ ಬಳಸದವರಲ್ಲಿ ಶೇಕಡ 63, ಬಳಸಿದವರಲ್ಲಿ ಶೇಕಡ 52. ಬಳಸಿದ ವರ್ಷಗಳು ಹೆಚ್ಚಿದಂತೆ ಹೃದಯದ ನಾಳಗಳಲ್ಲಿ ಕೊಬ್ಬಿನ ಕರಣೆಯೂ ಹೆಚ್ಚಿತ್ತು. ಎರಡೂ ಗುಂಪಿನವರು ಎತ್ತಿದುದು ಕಬ್ಬಿಣವನ್ನೇ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ಮನೆಮನೆಯ ಮಾತಾದುದು 2021ರ ಅಕ್ಟೋಬರ್ 29ರಂದು, ನಲವತ್ತಾರರ ಹರೆಯದ ನಟ ಪುನೀತ್ ರಾಜ್‌ಕುಮಾರ್ ಎದೆಯಲ್ಲಿ ಅಸೌಖ್ಯ ಕಾಣಿಸಿಕೊಂಡು ಕೆಲವೇ ಗಂಟೆಗಳಲ್ಲಿ ಇಲ್ಲವಾದಾಗ. ವ್ಯಾಯಾಮವೇ ಅವರನ್ನು ಕೊಂದಿತೆಂದು ಅಂದು ಹಬ್ಬಿದ ಮಾತಿಗೆ ಆಧಾರವಿರಲಿಲ್ಲ. ಆದರೂ ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಆ ಆತಂಕದಲ್ಲಿ ಒಂದು ನಿಜವಿತ್ತು. ಐವತ್ತೆರಡು ದೇಶಗಳನ್ನು ಒಳಗೊಂಡ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯಮ ವಯಸ್ಸು 53. ಉಳಿದವರಿಗೆ ಅದು ಸುಮಾರು 59. ಅಗಲಿದ ನಟನ ಹೆಸರನ್ನು ಹೊತ್ತ ಹೃದಯಜ್ಯೋತಿ ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇಸಿಜಿ ತೆಗೆದು, ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿದೆ. ವ್ಯಾಯಾಮಶಾಲೆಗಳನ್ನು ಮುಚ್ಚಿಸುವುದಕ್ಕಿಂತ ಇದು ನೂರು ಪಾಲು ಮೇಲೆಂದು ನಾನು ತಿಳಿದಿದ್ದೇನೆ.

ಭಾರವನ್ನು ಹೃದ್ರೋಗಿಗೆ ನಿಷೇಧಿಸಿದ್ದ ಶಾಸ್ತ್ರವೇ ಕೊನೆಗೆ ಅದನ್ನು ಚಿಕಿತ್ಸೆಯಾಗಿ ಕೈಗೆತ್ತಿಕೊಂಡಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2000ದಲ್ಲಿ, ಸ್ಥಿಮಿತಕ್ಕೆ ಬಂದ ಹೃದ್ರೋಗಿಗಳೂ ವಾರಕ್ಕೆ ಎರಡು ಮೂರು ದಿನ, ಹತ್ತರಿಂದ ಹದಿನೈದು ಬಾರಿ ಎತ್ತಬಲ್ಲಷ್ಟು ಹಗುರವಾದ ಭಾರದಿಂದ ಸಾಧನೆ ಮಾಡಬಹುದೆಂದು ಸಲಹೆಯಿತ್ತಿತು. 2023ರ ಅದರ ಹೇಳಿಕೆಯ ಪ್ರಕಾರ ಇಂಥ ಸಾಧನೆ ಮಾಡುವವರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗ ಸುಮಾರು ಶೇಕಡ 17ರಷ್ಟು ಕಡಿಮೆ, ಅದರ ಬಹುಪಾಲು ಲಾಭ ವಾರಕ್ಕೆ ಅರ್ಧದಿಂದ ಒಂದು ಗಂಟೆಯ ಸಾಧನೆಯಿಂದಲೇ.

ಈ ಚರಿತ್ರೆಯಲ್ಲಿ ಒಂದು ಕಡೆ ಮಾತ್ರ ಇನ್ನೂ ಮಬ್ಬಾಗಿದೆ. ಹೆಬರ್ಡನ್ನನ ರೋಗಿಗಳಲ್ಲಿ ಬಹುಪಾಲು ಗಂಡಸರು. ದೋಣಿಯ ಸ್ಪರ್ಧಿಗಳು ಗಂಡಸರು. ತೋಳಿಗೆ ನಳಿಕೆ ತೊಡಿಸಿಕೊಂಡ ಐವರೂ ಗಂಡಸರು. ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ವ್ಯಾಯಾಮಶಾಲೆಗಳಲ್ಲಿ ಬಾರ್‌ಬೆಲ್ ಹಿಡಿದಿರುವ ಹೆಣ್ಣುಮಕ್ಕಳಿದ್ದಾರೆ, ಐವತ್ತು ದಾಟಿದ ಗೃಹಿಣಿಯರಿದ್ದಾರೆ. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವಿನ ಜೊತೆಗೆ, ಒಮ್ಮೊಮ್ಮೆ ಅದಿಲ್ಲದೆಯೂ, ವಾಕರಿಕೆಯಾಗಿ, ಬೆನ್ನು ದವಡೆಗಳ ನೋವಾಗಿ, ಕಾರಣ ತಿಳಿಯದ ಆಯಾಸವಾಗಿ, ಏದುಸಿರಾಗಿ ತೋರುವುದುಂಟು. “ಯಾಕೋ ಇವತ್ತು ಸುಸ್ತು, ಬೆನ್ನು ಹಿಡಿದಂಗಿದೆ” ಎಂದು ಅಂಥವರೊಬ್ಬರು ಬೆಂಚಿನ ಮೇಲೆ ಕುಳಿತಾಗ, ತರಬೇತಿ ಕೊಡುವ ಹುಡುಗನು “ಇನ್ನೊಂದು ಸೆಟ್ ಮಾಡಿ ಆಂಟಿ, ಸರಿಹೋಗುತ್ತೆ” ಎನ್ನದೆ, ಯಾವಾಗ ಶುರುವಾಯಿತು, ಮೆಟ್ಟಿಲು ಹತ್ತುವಾಗಲೂ ಹೀಗೆ ಆಗುತ್ತದೆಯೇ, ಕೂತರೆ ಕಡಿಮೆಯಾಗುತ್ತದೆಯೇ ಎಂದು ಕೇಳಬೇಕು.