ಸದ್ದೇ ಇಲ್ಲದ ಸದ್ದು ‘ಜುಮ್ಮು’

ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕುಳಿತವರು ಏಳಲು ಹೊರಟಾಗ ಕಾಲು ತಮ್ಮದೇ ಅಲ್ಲವೇನೋ ಎನಿಸುವುದುಂಟು. ಅದು ಜೋಮು. ಸ್ವಲ್ಪ ಹೊತ್ತಿಗೆ ಅದೇ ಕಾಲಿನಲ್ಲಿ ನೂರಾರು ಸೂಜಿಗಳು ಆಡಿದಂತಾಗುತ್ತದೆ. ಅದು ಜುಮ್ಮು. ಮಾತಿನ ಭರದಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುವುದು ಸಾಮಾನ್ಯ. ಆದರೆ ಮೊದಲನೆಯದು ಮುಟ್ಟಿದರೂ ತಿಳಿಯದ ಸ್ಥಿತಿ. ಎರಡನೆಯದು ಯಾರೂ ಮುಟ್ಟದೆಯೇ ಆಗುವ ಅನುಭವ.

ಶಾಲೆಯ ವ್ಯಾಕರಣದ ಪ್ರಕಾರ ‘ಜುಮ್’ ಎಂಬುದು ಅನುಕರಣ ಶಬ್ದ. ದಬದಬ, ಪಟಪಟ, ಗುಡುಗುಡು ಇವೆಲ್ಲ ಅದೇ ಜಾತಿಯವು. ಆದರೆ ದಬದಬ ಎಂಬುದು ನಿಜಕ್ಕೂ ಕಿವಿಗೆ ಬೀಳುವ ಸದ್ದು. ಜುಮ್ಮೆಂದ ಕಾಲು ಯಾವ ಸದ್ದನ್ನೂ ಮಾಡುವುದಿಲ್ಲ! ಚರ್ಮದ ಅನುಭವಕ್ಕೆ ಕನ್ನಡಿಗರು ಕಿವಿಯ ಮಾತನ್ನು ಕೊಟ್ಟಿದ್ದಾರೆ. ಗಾಯ ಚುರುಚುರು ಎನ್ನುವುದು, ಎದೆ ಧಸಕ್ಕೆನ್ನುವುದು, ಬೆನ್ನು ಚಳಕ್ಕೆನ್ನುವುದು ಇದೇ ಬಗೆಯವು. ತುಟಿ ಮುಚ್ಚಿ ಹೇಳುವ ‘ಮ್’ ಸ್ವಲ್ಪ ಹೊತ್ತು ಒಳಗೇ ಗುಂಯ್‌ಗುಡುತ್ತದೆ. ಪದದ ಸೊಗಸು ಇರುವುದೇ ಅಲ್ಲಿ.

ಸಂಸ್ಕೃತದಿಂದ ಬಂದ ರೋಮಾಂಚನ ಕಣ್ಣಿಗೆ ಕಾಣುವುದನ್ನು ಹೇಳುತ್ತದೆ. ರೋಮ ನಿಮಿರುವುದು ಎಂದು ಅದರ ಅರ್ಥ. ‘ನಾಟ್ಯಶಾಸ್ತ್ರ’ ಇದನ್ನು ಎಂಟು ಸಾತ್ವಿಕ ಭಾವಗಳಲ್ಲಿ ಸೇರಿಸಿದೆ. ಅಚ್ಚಗನ್ನಡದ ನವಿರೇಳು ಕೂಡ ಹಾಗೆಯೇ, ನವಿರು ಎಂದರೆ ಕೂದಲು. ಫ್ರೆಂಚರು ಕಾಲಿನಲ್ಲಿ ಇರುವೆಗಳಿವೆ ಎನ್ನುತ್ತಾರೆ. ಜುಮ್ಮು ಮಾತ್ರ ಹೋಲಿಕೆಯ ಗೊಡವೆಗೇ ಹೋಗುವುದಿಲ್ಲ.

ಪಶ್ಚಿಮ ಘಟ್ಟದ ಕಡೆ ಈ ಪದ ಒಂದು ಮರಕ್ಕೇ ಹೆಸರಾಗಿದೆ. ಕಾಂಡದ ತುಂಬ ಮುಳ್ಳಿರುವ ಈ ಮರದ ಕಾಯಿಯೇ ಜುಮ್ಮನಕಾಯಿ. ಕೊಂಕಣಿಗರು ತಿರ್ಫಳ ಎಂದು ಕರೆದು ಬಂಗುಡೆ ಮೀನಿನ ಸಾರಿಗೆ ಹಾಕುವುದು ಇದನ್ನೇ. ಒಣಗಿದ ಸಿಪ್ಪೆಯನ್ನು ಕಚ್ಚಿದರೆ ನಾಲಿಗೆ, ತುಟಿ ಜುಮುಜುಮು ಎನ್ನುತ್ತವೆ. ಚೀನಾದ ಸಿಚುವಾನ್ ಪ್ರಾಂತ್ಯದ ಪ್ರಸಿದ್ಧ ಮೆಣಸು ಇದರ ಹತ್ತಿರದ ಬಂಧು. ಅದರ ರುಚಿಗೆ ಚೀನೀಯರು ಹೇಳುವ ‘ಮಾ’ ಎಂಬ ಪದಕ್ಕೆ ಮರಗಟ್ಟುವುದು ಎಂಬ ಅರ್ಥವೂ ಇದೆ. ಅಲ್ಲಿ ಜೋಮು, ಜುಮ್ಮು ಎರಡಕ್ಕೂ ಒಂದೇ ಮಾತು.

ಇದಕ್ಕೆ ಕಾರಣವಾದ ರಾಸಾಯನಿಕದ ಹೆಸರು ಸ್ಯಾನ್‌ಶೂಲ್. ಈ ಜಾತಿಯ ಜಪಾನಿ ಮಸಾಲೆ ‘ಸಾನ್‌ಶೋ’ದಿಂದ ಬಂದ ಹೆಸರು. ಲಂಡನ್ನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರ ತುಟಿಗೆ ಸಿಚುವಾನ್ ಮೆಣಸು ಹಚ್ಚಿ, ಬೆರಳ ತುದಿಗೆ ಯಂತ್ರದಿಂದ ಕಂಪನ ಕೊಟ್ಟು, ಎರಡನ್ನೂ ಹೋಲಿಸಲು ಕೇಳಲಾಯಿತು. ತುಟಿಯ ಜುಮ್ಮು ಸೆಕೆಂಡಿಗೆ ಸುಮಾರು 50 ಸಲ ಕಂಪಿಸುವ ಸ್ಪರ್ಶಕ್ಕೆ ಸಮವೆಂದು ಕಂಡುಬಂತು. ಕಂಪನವನ್ನು ತಿಳಿಸುವ ನರತಂತುಗಳನ್ನೇ ಈ ಮಸಾಲೆ ಕೆಣಕುತ್ತದೆ ಎಂಬುದು ಅವರ ತೀರ್ಮಾನ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನವೂ 50. ಇದು ಆಕಸ್ಮಿಕವೇ ಸರಿ. ಆದರೂ ಕರೆಂಟು ತಗುಲಿದವರು ಸಹ ಕೈ ಜುಮ್ಮೆಂದಿತು ಎಂದೇ ಹೇಳುತ್ತಾರೆ. ಸದ್ದೆಂದರೂ ಕಂಪನವೇ ತಾನೆ? ಸದ್ದಿನ ಪದ ಕಟ್ಟಿದವರ ಊಹೆ ತಪ್ಪಾಗಿರಲಿಲ್ಲ.

ಈ ಪದಗಳ ಅಂತರ ವೈದ್ಯರ ಮುಂದೆ ಕುಳಿತಾಗ ಬಹಳ ಮುಖ್ಯವಾಗುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಪಾದದ ನರಗಳು ಸೋಲುವುದುಂಟು. ತಿಂಗಳುಗಟ್ಟಲೆ ಕಾಡಿದ ಜುಮ್ಮು ತಾನಾಗಿ ನಿಂತಾಗ ವಾಸಿಯಾಯಿತೆಂದು ಕೆಲವರು ಸಮಾಧಾನಪಡುತ್ತಾರೆ. ನರ ಇನ್ನಷ್ಟು ಕೆಟ್ಟು, ಜುಮ್ಮಿನ ಜಾಗದಲ್ಲಿ ಜೋಮು ಬಂದಿರಲೂಬಹುದು. ಆಗ ಚಪ್ಪಲಿಯೊಳಗೆ ಸೇರಿದ ಕಲ್ಲು ಚುಚ್ಚಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ.