ಫತೋರ್ಡಾದಲ್ಲಿ ಪಟ್ಟ

ಅರ್ಗಾಕ್ಕೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಕಾರವಾರದ ಕಡೆ ಫುಟ್ಬಾಲ್ ಎಂದೊಡನೆ ಗೋವೆಯ ದೆಂಪೊ, ಸಾಲ್ಗಾಂವಕರ್ ತಂಡಗಳು ನೆನಪಾಗುವುದು ಸಹಜವೇ. ಆ ದೆಂಪೊವನ್ನು ಅದರ ಅಂಗಳದಲ್ಲಿಯೇ ಕನ್ನಡ ನಾಡಿನ ತಂಡವೊಂದು ಮಣಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ.

1968-69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದ ಬಳಿಕ ನಮ್ಮವರ ಪಾಲಿಗೆ ಆ ಟ್ರೋಫಿ ದೂರವೇ ಉಳಿದಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ತರಬೇತುದಾರ ಆಶ್ಲೆ ವೆಸ್ಟ್‌ವುಡ್ ಇಂಗ್ಲೆಂಡಿನವರು. ಈ ನೆಲಕ್ಕೆ ಹೊಸಬರು. ಮಾಲೀಕರು ಹಣವಂತರೆಂದು ಮೂಗು ಮುರಿದವರಿದ್ದರು. ಹಣವಿದ್ದೂ ಸೋತ ತಂಡಗಳು ಕಡಿಮೆಯೇ? ನಾಯಕ ಸುನಿಲ್ ಛೆಟ್ರಿ ಆ ಐ-ಲೀಗ್‌ನಲ್ಲಿ 14 ಗೋಲು ಹೊಡೆದರು. 2014ರ ಏಪ್ರಿಲ್ 21ರಂದು ಮಡಗಾಂವಿನ ಫತೋರ್ಡಾದಲ್ಲಿ ದೆಂಪೊವನ್ನು 4-2ರಿಂದ ಸೋಲಿಸಿ, ಮೊದಲ ಋತುವಿನಲ್ಲಿಯೇ ತಂಡ ಪಟ್ಟವೇರಿತು.

ಸಂತೋಷ್ ಟ್ರೋಫಿ ರಾಜ್ಯಕ್ಕೆ ಮರಳಲು ಮಾತ್ರ 2023ರವರೆಗೆ ಕಾಯಬೇಕಾಯಿತು.