ಹೀಬರ್ ಹಾಡಿನ ಹೂ, ಪುಣೆಯ ಚಳಿಗಾಲ

ಪುಣೆ ಕ್ಯಾಂಪು 1817ರ ಖಡಕಿ ಯುದ್ಧದಲ್ಲಿ ಪೇಶ್ವೆಯ ಸೇನೆ ಸೋತ ಮೇಲೆ ಬೆಳೆದ ದಂಡುಪ್ರದೇಶ. ಅಲ್ಲಿನ ಸೇಂಟ್ ಮೇರೀಸ್ ಚರ್ಚನ್ನು 1825ರಲ್ಲಿ ಪ್ರತಿಷ್ಠೆ ಮಾಡಿದವರು ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್. ಅವರು ಕವಿಯೂ ಹೌದು. ಇಂಗ್ಲೆಂಡಿನ ಹಾಡ್ನೆಟ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದಾಗ, 1812ರಲ್ಲಿ, ಅವರು ಪ್ರಕಟಿಸಿದ ಒಂದು ಪ್ರಾರ್ಥನಾಗೀತೆಯಲ್ಲಿ ಸಿಲೋವ ತೊರೆಯ ಬಳಿಯ ಲಿಲಿಯೂ ಗುಲಾಬಿಯೂ ಮೊದಲು ಮಗುವಿನ ಚೆಲುವನ್ನು, ಮರುಕ್ಷಣವೇ ಬಾಡುವ ಬದುಕನ್ನು ಸೂಚಿಸುತ್ತವೆ. ಆದ್ದರಿಂದ ಎಳವೆಯಿಂದಲೇ ದೇವರನ್ನು ನಂಬಬೇಕೆಂಬುದು ಅದರ ಬೋಧೆ. ಅದಕ್ಕೂ ಹಿಂದೆ, 1648ರ ಸಂಕಲನದಲ್ಲಿ, ರಾಬರ್ಟ್ ಹೆರಿಕ್ ಅದೇ ಗುಲಾಬಿಯನ್ನು ತೋರಿಸಿ ಕನ್ಯೆಯರಿಗೆ ಹೇಳಿದ್ದು ಬೇರೆ: ಯೌವನವಿರುವಾಗಲೇ ಸುಖಪಡಿ, ಮದುವೆಯಾಗಿ. ಹೆರಿಕ್ ಕೂಡ ಪಾದ್ರಿಯೇ. ಹೂವಿನ ಅರ್ಥ ಹೂವಿನಲ್ಲಿಲ್ಲ, ಅದನ್ನು ಯಾವ ಕೆಲಸಕ್ಕೆ ಹಚ್ಚಿದರು ಎಂಬುದರಲ್ಲಿದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಹೂ ಬಾಡುವುದು ಎಲ್ಲರೂ ಕಂಡದ್ದೇ, ಆದ್ದರಿಂದ ಈ ಸಂಕೇತ ಸಾರ್ವತ್ರಿಕ ಎಂಬ ಆಕ್ಷೇಪ ಬರಬಹುದು. ಕಂಡದ್ದು ನಿಜ. ಆದರೆ ಆಯುಸ್ಸಿನ ಅಸ್ಥಿರತೆ ಹೇಳಲು ಶಂಕರರದೆಂದು ಹೇಳುತ್ತ ಬಂದ ಮೋಹಮುದ್ಗರ ಸ್ತೋತ್ರ ತೆಗೆದುಕೊಂಡದ್ದು ತಾವರೆಯ ಹೂವನ್ನಲ್ಲ, ಅದರ ಎಲೆಯ ಮೇಲೆ ನಡುಗುವ ನೀರಹನಿಯನ್ನು. ಕನ್ನಡದಲ್ಲಿ ಆ ಕೆಲಸ ಮಾಡುವುದು ಹೆಚ್ಚಾಗಿ ನೀರಗುಳ್ಳೆ. ನಮ್ಮಲ್ಲಿ ಹೂ ಮೊದಲು ಮುಡಿಗೆ, ಪೂಜೆಗೆ. ಬಾಡಿದ ಮೇಲೂ ಅದು ನಿರ್ಮಾಲ್ಯವಾಗಿ ಕಣ್ಣಿಗೊತ್ತಿಕೊಳ್ಳುವ ವಸ್ತು. ಬಾಡಿದ ಹೂವಿನ ಮಾತು ನಮ್ಮ ಕಾವ್ಯದಲ್ಲೂ ಉಂಟು, ಆದರೆ ಅದಕ್ಕೆ ಇಂಗ್ಲಿಷ್ ಭಾವಗೀತೆಯಲ್ಲಿ ಸಿಕ್ಕ ಅಗ್ರಸ್ಥಾನ ಇಲ್ಲಿಲ್ಲ.

ಹೀಬರ್ ತಮ್ಮ ಸಂಕಟವನ್ನೇ ಹಾಡಿದರು ಎನ್ನುವವರೂ ಇರಬಹುದು. ಆದರೆ ಅವರ ಹಸುಗೂಸು ತೀರಿಕೊಂಡದ್ದು 1818ರಲ್ಲಿ, ಗೀತೆ ಬಂದು ಆರು ವರ್ಷದ ಮೇಲೆ. ಬೈಬಲ್ಲಿನ ಯೋಬನ ಗ್ರಂಥದಿಂದ, ಕೀರ್ತನೆಗಳಿಂದ ಬಂದ ರೂಪಕಕ್ಕೆ ಇಂಗ್ಲೆಂಡಿನ ಋತುಕ್ರಮ ಬಲ ಕೊಟ್ಟಿತು ಎಂಬುದೇ ನನಗೆ ಸರಿಯೆನಿಸುತ್ತದೆ. ಆ ಗೀತೆಯಲ್ಲಿ ನಡುವಯಸ್ಸಿನ ದುಃಖವೆಲ್ಲ ಚಳಿಗಾಲವಾಗಿ ಬರುತ್ತದೆ. ಪುಣೆಯ ಚಳಿಗಾಲವಾದರೋ ಗುಲಾಬಿ ಚೆನ್ನಾಗಿ ಅರಳುವ ಹೊತ್ತು. ರೂಪಕ ಹಡಗು ಹತ್ತಿ ಬಂತು, ಋತು ಬರಲಿಲ್ಲ. ಚರ್ಚಿನ ಪ್ರತಿಷ್ಠೆಯಾಗಿ ವರ್ಷ ತುಂಬುವ ಮೊದಲೇ, 1826ರ ಏಪ್ರಿಲ್ 3ರಂದು, ಹೀಬರ್ ತಿರುಚಿರಾಪಳ್ಳಿಯಲ್ಲಿ ತಮ್ಮ 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗೀತೆಗಳು ಪುಸ್ತಕವಾಗಿ ಬಂದದ್ದು 1827ರಲ್ಲಿ.